ಬರವನ್ನು ಕಂಡ ದಿವಾನರು

ಅಮ್ಮಸಂದ್ರದ ನಿಲ್ದಾಣದಿಂದ ತೆಂಗಿನ ತೋಟಗಳತ್ತ ನಡೆಯುವವರಿಗೆ, ತಾವು ದಾಟುವ ಹಳಿಗಳು ಬರಗಾಲದ ಕೂಸುಗಳೆಂಬುದು ಹೊಳೆಯದು. 1871ರ ಗಣತಿಯಲ್ಲಿ 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕಿಳಿದಿತ್ತು. ನಡುವೆ ಬಂದುಹೋದದ್ದು 1876-78ರ ಕ್ಷಾಮ.

ಪಾಲ್ಘಾಟಿನ ಬಳಿ 1845ರಲ್ಲಿ ಜನಿಸಿ, 1868ರಿಂದ ಮೈಸೂರಿನ ಅಧಿಕಾರಿಯಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರು ಆ ವರ್ಷಗಳನ್ನು ಕಂಡವರು. 1883ರಲ್ಲಿ ದಿವಾನಗಿರಿ ವಹಿಸಿಕೊಂಡಾಗ, ಮಳೆ ತಪ್ಪಿದ ಮೇಲೆ ಗಂಜಿ ಹಂಚಿದರೆ ಸಾಲದು, ತಪ್ಪುವ ಮುನ್ನವೇ ಬೊಕ್ಕಸದ ಹಣ ಹೂಡಬೇಕೆಂಬ ಹಾದಿಯನ್ನು ಹಿಡಿದರು. ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾಗಿದ್ದ ರೈಲುದಾರಿ ತುಮಕೂರು, ತಿಪಟೂರುಗಳ ಮೂಲಕ 1889ರಲ್ಲಿ ಹರಿಹರ ಮುಟ್ಟಿತು. ಕಾಳು ಬರಲೆಂದು ಹಾಕಿದ ಹಾದಿಯಲ್ಲಿ ನಮ್ಮ ಕೊಬ್ಬರಿಯೂ ಹೊರಟಿತು! 1898ರಲ್ಲಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟಿನ ಕೆಲಸ ಹಿಡಿಸಿದರು.

ದುಂದುಗಾರರೆಂದೂ ನಿರಂಕುಶರೆಂದೂ ಅವರನ್ನು ಆಡಿಕೊಂಡವರಿದ್ದರು. ಎರಡನೆಯದು ಪೂರ್ತಿ ಸುಳ್ಳಲ್ಲ. ಆದರೆ ಶಿವನಸಮುದ್ರದ ನೀರಿನಿಂದ ವಿದ್ಯುತ್ತನ್ನು ತೆಗೆದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮಾರುವ ಸಾಹಸವನ್ನು ಸರ್ಕಾರವೇ ಹೊತ್ತದ್ದು ಆ ಗಟ್ಟಿತನದಿಂದಲೇ. ಇಂದು ಭೂಮಿಯನ್ನು ಕಾಯಿಸುತ್ತಿರುವ ಕಲ್ಲಿದ್ದಲ ಹೊಗೆ ಅಂದು ಅವರ ಚಿಂತೆಯಾಗಿರಲಿಲ್ಲ. ನಾಡಿನ ಆದಾಯ ಅವರ ಗುರಿ. ಆದರೂ ಹೊಗೆಯಿಲ್ಲದ ಶಕ್ತಿಗೆ ಸರ್ಕಾರದ ಹಣ ಬಿದ್ದಿತ್ತು. ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ, ಮಾರಿಕಣಿವೆ ಮುಗಿದದ್ದು 1907ರಲ್ಲಿ. ದಿವಾನರು 1901ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.