ನೆಲದ ಮೇಲೆ ಹಾರಾಟ ಕಲಿಸಿದ ಎಡ್ ಲಿಂಕ್. ಆದರೆ ಆ ಸೀಟು ಯಾರಿಗೆ ಸಿಕ್ತು?

ವಿಮಾನ ಕಂಪನಿಯ ಪೈಲಟ್ ಆಯ್ಕೆಗೆ ಹೋಗಿಬಂದ ಯಾರನ್ನಾದರೂ ಕೇಳಿ ನೋಡಿ. ಲಿಖಿತ ಪರೀಕ್ಷೆ, ಗುಂಪು ಚರ್ಚೆ, ಸಂದರ್ಶನ ಎಲ್ಲ ದಾಟಿದ ಮೇಲೂ ಎದೆ ಹೊಡ್ಕೊಳ್ಳೋದು ಸಿಮ್ಯುಲೇಟರ್ ಬಾಗಿಲ ಮುಂದೆ. ಒಳಗೆ ಸಿಗೋದು ಸ್ವಲ್ಪವೇ ಹೊತ್ತು. ಟೇಕಾಫ್ ಮಾಡಬೇಕು, ಹೇಳಿದ ಎತ್ತರದಲ್ಲಿ ನಿಲ್ಲಿಸಬೇಕು, ವೇಗ ಕೆಡಿಸದೆ ತಿರುಗಿಸಬೇಕು, ರನ್‌ವೇ ಕಾಣದ ಮಂಜಿನಲ್ಲಿ ರೇಡಿಯೋ ಸಂಕೇತ ಹಿಡಿದು ಇಳಿಸಬೇಕು. ಸಾಮಾನ್ಯವಾಗಿ ಆಟೋಪೈಲಟ್ ಆಫ್ ಇರುತ್ತೆ. ನಡುವೆ ಒಂದು ಎಂಜಿನ್ ಕೈಕೊಡಲೂಬಹುದು.

ಹಿಂದೆ ಕೂತ ಪರೀಕ್ಷಕರಿಗೆ ಗೆರೆ ಎಳೆದಂತೆ ಹಾರಿಸೋರು ಬೇಕಾಗಿಲ್ಲ. ನೂರಡಿ ತಪ್ಪಿದ್ದು ಎಷ್ಟು ಬೇಗ ಗೊತ್ತಾಯ್ತು, ಗಾಬರಿಯಾಗದೆ ಸರಿ ಮಾಡಿಕೊಂಡ್ರಾ, ಪಕ್ಕದ ಸೀಟಿನವರ ಮಾತು ಕೇಳಿಸಿಕೊಂಡ್ರಾ ಅನ್ನೋದನ್ನು ಅವರು ನೋಡ್ತಾರೆ. ಹಾಗಾಗಿ ಇದಕ್ಕೆ ತಯಾರಿ ಬೇಕು. ದುಡ್ಡಿದ್ದವರು ಮೊದಲೇ ಸಿಮ್ಯುಲೇಟರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು ಅಭ್ಯಾಸ ಮಾಡ್ತಾರೆ. ಇಲ್ಲದವರು ಕಾಕ್‌ಪಿಟ್ ಚಿತ್ರವನ್ನು ಗೋಡೆಗೆ ಅಂಟಿಸಿ, ಕುರ್ಚಿಯಲ್ಲಿ ಕೂತು, ಗಾಳಿಯಲ್ಲಿ ಕೈಯಾಡಿಸ್ತಾ ಕಲಿತಾರೆ.

ತಮಾಷೆ ಏನಂದ್ರೆ, ಈ ಯಂತ್ರ ಹುಟ್ಟಿದ್ದೇ ದುಡ್ಡಿಲ್ಲದವರೂ ಹಾರಾಟ ಕಲಿಯಲಿ ಅಂತ. ಅದನ್ನು ಕಟ್ಟಿದಾತ ಎಂಜಿನಿಯರಿಂಗ್ ಓದಿದವನಲ್ಲ, ಪಿಯಾನೋ ಮತ್ತು ಆರ್ಗನ್ ರಿಪೇರಿ ಮಾಡುತ್ತಿದ್ದವನು.

ಐವತ್ತು ಡಾಲರಿನ ಪಾಠ

ಎಡ್ವಿನ್ ಆಲ್ಬರ್ಟ್ ಲಿಂಕ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಅವನಿಗೆ ಆರು ವರ್ಷ ಆಗಿದ್ದಾಗ ಅಪ್ಪ ದಿವಾಳಿಯಾಗಿದ್ದ ಒಂದು ವಾದ್ಯ ತಯಾರಿಕಾ ಕಂಪನಿಯನ್ನು ಕೊಂಡು, ಸಂಸಾರ ಸಮೇತ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ಗೆ ಬಂದರು. ತಂತಾನೇ ನುಡಿಯುವ ಪಿಯಾನೋ, ಸಿನಿಮಾ ಥಿಯೇಟರುಗಳ ದೊಡ್ಡ ಆರ್ಗನ್‌ಗಳು ಅಲ್ಲಿ ತಯಾರಾಗುತ್ತಿದ್ದವು. ಹುಡುಗ ಆ ತಿದಿ, ಕವಾಟ, ಗಾಳಿ ಪಂಪುಗಳ ನಡುವೆಯೇ ಬೆಳೆದ.

1920ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಹಾರಾಟದ ಮೊದಲ ಪಾಠಕ್ಕೆ 50 ಡಾಲರ್ ಕಟ್ಟಿದ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಕಲಿಸುವಾತ ಆಕಾಶದಲ್ಲಿ ಲಾಗ ಹೊಡೆಸಿ ಕೆಳಗಿಳಿಸಿದ. ಲಿಂಕ್‌ಗೆ ಒಂದು ಸಲವೂ ಕಂಟ್ರೋಲ್ ಮುಟ್ಟಲು ಬಿಡಲಿಲ್ಲ. ದುಡ್ಡು ಹೋಯ್ತು, ಕಲಿತದ್ದು ಸೊನ್ನೆ. ಕಲಿಯುವವನು ತಪ್ಪು ಮಾಡಿದರೆ ಇಬ್ಬರೂ ಸಾಯಬಹುದಾದ ಜಾಗದಲ್ಲಿ ಗುರು ಕೈ ಬಿಟ್ಟುಕೊಡೋದಾದರೂ ಹೇಗೆ? ಹಾಗಾದರೆ ತಪ್ಪು ಮಾಡೋಕೆ ಬೇರೆ ಜಾಗ ಬೇಕು. ಲಿಂಕ್‌ನ ಮುಂದಿನ ಕೆಲಸವೆಲ್ಲ ಈ ಒಂದು ತಿಳಿವಳಿಕೆಯ ಸುತ್ತಲೇ ನಡೆಯಿತು.

ತಿದಿಯ ಮೇಲೆ ಕೂತ ವಿಮಾನ

1927ರ ಹೊತ್ತಿಗೆ ಅಪ್ಪನ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಕೆಲಸ ಶುರುವಾಯ್ತು. ಮೋಟು ರೆಕ್ಕೆಯ, ಮರದ ಪುಟ್ಟ ವಿಮಾನ. ಅದರ ಕೆಳಗೆ ಆರ್ಗನ್‌ನ ತಿದಿಗಳು. ಹಾರ್ಮೋನಿಯಂ ತಿದಿ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಒಳಗೆ ಕೂತವನು ಕೋಲು ಎಳೆದರೆ ಕವಾಟಗಳು ತೆರೆದು ಮುಚ್ಚಿ, ಒಂದು ಕಡೆಯ ತಿದಿ ಉಬ್ಬಿ ಇನ್ನೊಂದು ಕಡೆಯದು ಕುಗ್ಗಿ, ಮೂತಿ ಮೇಲೇಳುತ್ತಿತ್ತು. ಪೆಡಲ್ ಒತ್ತಿದರೆ ಇಡೀ ಪೆಟ್ಟಿಗೆ ಬುಗುರಿಯಂತೆ ತಿರುಗುತ್ತಿತ್ತು. ಪೇಟೆಂಟ್‌ಗೆ ಅರ್ಜಿ ಹಾಕಿದ, 1931ರಲ್ಲಿ ಅದು ಸಿಕ್ಕಿತು.

ಆದರೆ ಕೊಳ್ಳುವವರು ಯಾರು? ಹಾರಾಟದ ಶಾಲೆಗಳು ಇದನ್ನು ಆಟಿಕೆ ಅಂದುಕೊಂಡವು. ಕಡೆಗೆ ಕೊಂಡದ್ದು ಮನರಂಜನಾ ಪಾರ್ಕುಗಳು. ಮಕ್ಕಳು ಕಾಸು ಹಾಕಿ ಅಲ್ಲಾಡಿ ಇಳಿಯುತ್ತಿದ್ದರು. ಲಿಂಕ್ ತನ್ನದೇ ಶಾಲೆ ತೆರೆದು, ನೆಲದ ಮೇಲಿನ ಅಭ್ಯಾಸ ಸೇರಿಸಿ 85 ಡಾಲರಿಗೆ ಹಾರಾಟ ಕಲಿಸುತ್ತೇನೆ ಅಂದ. ಆದರೆ ಅದು ಮಹಾ ಆರ್ಥಿಕ ಕುಸಿತದ ಕಾಲ. ಆ 85 ಡಾಲರೂ ಜನರ ಕೈಯಲ್ಲಿರಲಿಲ್ಲ.

ಹೊಟ್ಟೆಪಾಡಿಗೆ ವಿಮಾನದ ಅಡಿಯಲ್ಲಿ ದೀಪದ ಅಕ್ಷರಗಳನ್ನು ಜೋಡಿಸಿ ರಾತ್ರಿ ಊರ ಮೇಲೆ ಜಾಹೀರಾತು ಹಾರಿಸಿದ. ಅದಕ್ಕಾಗಿ ಕತ್ತಲಲ್ಲಿ ಹಾರುತ್ತಾ ಮೀಟರುಗಳನ್ನು ನಂಬೋದು ಅವನಿಗೆ ಅಭ್ಯಾಸವಾಯ್ತು. ತನ್ನ ಯಂತ್ರಕ್ಕೂ ಅದೇ ಮೀಟರುಗಳನ್ನು ಕೂರಿಸಿ, ಮೇಲೆ ಮುಚ್ಚಳ ಹಾಕಿ, ಹೊರಗೆ ಏನೂ ಕಾಣದಂತೆ ಮಾಡಿದ.

ಇದು ಯಾಕೆ ದೊಡ್ಡ ಸಂಗತಿ? ಮೋಡದೊಳಗೆ ಹೊಕ್ಕಾಗ ನಮ್ಮ ಒಳಗಿವಿ ನಮಗೇ ಸುಳ್ಳು ಹೇಳುತ್ತೆ. ವಿಮಾನ ನಿಧಾನವಾಗಿ ಒಂದೇ ಸಮ ತಿರುಗುತ್ತಿದ್ದರೆ, ನೆಟ್ಟಗೆ ಹೋಗ್ತಿದೆ ಅಂತಲೇ ಅನ್ನಿಸುತ್ತೆ. ಸರಿಪಡಿಸಿದರೆ ಉಲ್ಟಾ ವಾಲುತ್ತಿರುವಂತೆ ಭಾಸವಾಗುತ್ತೆ. ದೇಹವನ್ನು ನಂಬಿದವರು ಸುರುಳಿ ಸುತ್ತುತ್ತಾ ನೆಲಕ್ಕೆ ಬೀಳುತ್ತಾರೆ. ಆದರೂ ಆಗಿನ ಎಷ್ಟೋ ಪೈಲಟ್‌ಗಳಿಗೆ ಮೀಟರ್ ನೋಡಿ ಹಾರಿಸೋದು ಗಂಡಸುತನಕ್ಕೆ ಕಮ್ಮಿ ಅನ್ನಿಸುತ್ತಿತ್ತು.

ಹನ್ನೆರಡು ಹೆಣ ಬಿದ್ದ ಮೇಲೆ

1934ರ ಫೆಬ್ರವರಿ. ವಿಮಾನ ಅಂಚೆಯ ಗುತ್ತಿಗೆಗಳನ್ನು ಹಿಂದಿನ ಸರ್ಕಾರ ಕೆಲವೇ ದೊಡ್ಡ ಕಂಪನಿಗಳಿಗೆ ಹಂಚಿಬಿಟ್ಟಿದೆ ಅನ್ನೋದು ಸೆನೆಟರ್ ಹ್ಯೂಗೋ ಬ್ಲ್ಯಾಕ್ ಸಮಿತಿಯ ತನಿಖೆಯ ಆರೋಪವಾಗಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಆ ಗುತ್ತಿಗೆಗಳನ್ನೆಲ್ಲ ರದ್ದು ಮಾಡಿ, ಅಂಚೆ ಒಯ್ಯುವ ಕೆಲಸವನ್ನು ಸೇನೆಯ ವಾಯುದಳಕ್ಕೆ ಕೊಟ್ಟರು. ಆದೇಶ ಹೊರಟಿದ್ದು 9ರಂದು, ಕೆಲಸ ಶುರುವಾಗಿದ್ದು 19ರಂದು. ತಯಾರಿಗೆ ಸಿಕ್ಕಿದ್ದು ಹತ್ತೇ ದಿನ. ಸೇನೆಯ ಎಳೆಯ ಪೈಲಟ್‌ಗಳಲ್ಲಿ ಹೆಚ್ಚಿನವರಿಗೆ ರಾತ್ರಿ ಮತ್ತು ಮೋಡದಲ್ಲಿ ಹಾರಿಸಿದ ಅನುಭವ ತೀರಾ ಕಡಿಮೆ. ಮೇಲೆ ಆ ಚಳಿಗಾಲದ ಹಿಮಬಿರುಗಾಳಿ.

ಕೆಲಸ ಶುರುವಾಗುವ ಮೊದಲೇ ಮೂವರು ಸತ್ತರು. ಕೆಲವು ತಿಂಗಳಲ್ಲಿ 66 ಅಪಘಾತ, 12 ಸಾವು. ಗುತ್ತಿಗೆ ಭ್ರಷ್ಟಾಚಾರವನ್ನು ಬಯಲಿಗೆಳೆದದ್ದು ತಪ್ಪೇನಲ್ಲ. ಆದರೆ ರಾಜಕೀಯ ತೀರ್ಮಾನದ ಬೆಲೆಯನ್ನು ತೆತ್ತವರು ತಯಾರಿಯಿಲ್ಲದೆ ಕಾಕ್‌ಪಿಟ್‌ಗೆ ಹತ್ತಿಸಲ್ಪಟ್ಟ ಹುಡುಗರು. ಕಡೆಗೆ ಅಂಚೆ ಮತ್ತೆ ಖಾಸಗಿ ಕಂಪನಿಗಳಿಗೇ ಹೋಯಿತು.

ಆಗ ಸೇನೆಗೆ ಬಿಂಗ್‌ಹ್ಯಾಮ್‌ಟನ್‌ನ ಆಟಿಕೆ ನೆನಪಾಯ್ತು. ಅಧಿಕಾರಿಗಳು ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಲಿಂಕ್‌ಗಾಗಿ ಕಾಯುತ್ತಿದ್ದರು. ದಟ್ಟ ಮಂಜು. ಇನ್ನು ಬರಲಾರ ಅಂತ ಹೊರಡುವಷ್ಟರಲ್ಲಿ ಲಿಂಕ್ ಮೀಟರುಗಳನ್ನೇ ನಂಬಿ ಮಂಜಿನಿಂದ ಇಳಿದು ಬಂದ. ಬೇರೆ ಸಾಕ್ಷಿ ಬೇಕಾಗಲಿಲ್ಲ. ಸೇನೆ ಆರು ಯಂತ್ರಗಳನ್ನು ಕೊಂಡಿತು, ಒಂದಕ್ಕೆ 3,500 ಡಾಲರ್. ಐದು ವರ್ಷದಿಂದ ಪಾರ್ಕಿನಲ್ಲಿ ಮಕ್ಕಳನ್ನು ಅಲ್ಲಾಡಿಸುತ್ತಿದ್ದ ಯಂತ್ರ ಅದು. ಇದ್ದ ಪರಿಹಾರ ಸರ್ಕಾರದ ಕಣ್ಣಿಗೆ ಬೀಳೋಕೆ ಹನ್ನೆರಡು ಹೆಣ ಬೀಳಬೇಕಾಯ್ತು.

ಮುಂದಿನದು ಗೊತ್ತಿರುವ ಕತೆ. ವಿಮಾನ ಕಂಪನಿಗಳು ಕೊಂಡವು. ಎರಡನೇ ಮಹಾಯುದ್ಧದಲ್ಲಿ ಸುಮಾರು ಹತ್ತು ಸಾವಿರ ನೀಲಿ ಪೆಟ್ಟಿಗೆಗಳು ತಯಾರಾದವು, ಲಕ್ಷಾಂತರ ಪೈಲಟ್‌ಗಳು ಅವುಗಳಲ್ಲಿ ಕೂತು ಕಲಿತರು. ಯುದ್ಧಕ್ಕೆ ಮೊದಲು ಇದೇ ಯಂತ್ರಗಳನ್ನು ಜಪಾನ್ ಕೂಡ ಲಿಂಕ್‌ನಿಂದ ಕೊಂಡಿತ್ತು. ತಿದಿಗೆ ದೇಶ ಗೊತ್ತಿಲ್ಲ, ವ್ಯಾಪಾರಿಗೂ ಆಗ ಗೊತ್ತಿದ್ದಂತಿಲ್ಲ. ಲಿಂಕ್‌ನನ್ನು ಮೆಚ್ಚುವವರು ಇದನ್ನೂ ನೆನಪಿಡಬೇಕು.

ಯಂತ್ರ ಹೆಸರು ಕೇಳಲ್ಲ, ಕಂಪನಿ ಕೇಳುತ್ತೆ

ಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಒಂದು ನಕ್ಷೆ. ಅದರ ಮೇಲೆ ಮೂರು ಚಕ್ರದ ಪುಟ್ಟ ಗಾಡಿ ಶಾಯಿಯಲ್ಲಿ ಗೆರೆ ಎಳೆಯುತ್ತಾ ಹೋಗುತ್ತಿತ್ತು. ಒಳಗಿದ್ದವರು ಹಾರಿದ ದಾರಿ ಅದು. ಆ ಗೆರೆ ನೋಡಿದವರಿಗೆ ಒಳಗಿರೋದು ಗಂಡೋ ಹೆಣ್ಣೋ, ಕರಿಯರೋ ಬಿಳಿಯರೋ ತಿಳಿಯುವಂತಿರಲಿಲ್ಲ.

ಹೊರಗಿನ ಲೋಕ ಹಾಗಿರಲಿಲ್ಲ. 1934ರ ಕೊನೆಯ ದಿನ ಹೆಲೆನ್ ರಿಚೀ ಸೆಂಟ್ರಲ್ ಏರ್‌ಲೈನ್ಸ್ ವಿಮಾನದಲ್ಲಿ ಮೊದಲ ಬಾರಿ ಪ್ರಯಾಣಿಕರನ್ನು ಹಾರಿಸಿದರು. ಆದರೆ ಪೈಲಟ್‌ಗಳ ಸಂಘ ಅವರನ್ನು ಸದಸ್ಯೆಯಾಗಿ ಒಪ್ಪಲಿಲ್ಲ, ಹೆಣ್ಣಿಗೆ ಕೆಟ್ಟ ಹವಾಮಾನದಲ್ಲಿ ಹಾರಾಟ ಕೊಡಬಾರದು ಎಂಬ ತಕರಾರು ಬಂತು. ಕೆಲಸವೇ ಕೊಡದಿದ್ದಾಗ ಅವರು 1935ರಲ್ಲಿ ರಾಜೀನಾಮೆ ಕೊಟ್ಟರು. ಯುದ್ಧ ಬಂದಾಗ ಅಮೆರಿಕದ ನೌಕಾಪಡೆ ಇದೇ ಲಿಂಕ್ ಯಂತ್ರದಲ್ಲಿ ಗಂಡು ಪೈಲಟ್‌ಗಳಿಗೆ ಪಾಠ ಹೇಳಲು ಹೆಣ್ಣುಮಕ್ಕಳನ್ನು ನೇಮಿಸಿತು. ಕಲಿಸಬಹುದು, ಆದರೆ ಏರ್‌ಲೈನ್ ಸೀಟು ಮಾತ್ರ ಇಲ್ಲ.

1957ರಲ್ಲಿ ವಾಯುಪಡೆ ಬಿಟ್ಟುಬಂದ ಮಾರ್ಲನ್ ಗ್ರೀನ್ ಅನ್ನೋ ಕಪ್ಪು ಪೈಲಟ್ ಕಾಂಟಿನೆಂಟಲ್ ಏರ್‌ಲೈನ್ಸ್‌ಗೆ ಅರ್ಜಿ ಹಾಕಿದರು. ಅರ್ಜಿಯಲ್ಲಿ ಜನಾಂಗದ ಕಲಂ ಖಾಲಿ ಬಿಟ್ಟರು. ಹಾರಾಟದ ಪರೀಕ್ಷೆಯಲ್ಲಿ ಪಾಸಾದರು, ಆದರೂ ಕೆಲಸ ಸಿಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ, 1963ರಲ್ಲಿ ಅವರ ಪರ ಒಮ್ಮತದ ತೀರ್ಪು ಬಂತು. 1965ರಲ್ಲಿ ಅದೇ ಕಂಪನಿಯಲ್ಲಿ ಪೈಲಟ್ ಸೀಟು ಸಿಕ್ಕಿತು. ತೀರ್ಪು ಬರೆದವರು ಅದೇ ಹ್ಯೂಗೋ ಬ್ಲ್ಯಾಕ್. ಎಳೆಯ ರಾಜಕಾರಣಿಯಾಗಿದ್ದಾಗ ಕು ಕ್ಲುಕ್ಸ್ ಕ್ಲಾನ್ ಸದಸ್ಯರಾಗಿದ್ದವರು, ಅಂಚೆ ಗುತ್ತಿಗೆಯ ತನಿಖೆ ನಡೆಸಿದವರು. ಮನುಷ್ಯರು ಬದಲಾಗ್ತಾರೆ, ಆದರೆ ಗ್ರೀನ್ ಆ ಸೀಟಿಗೆ ಎಂಟು ವರ್ಷ ಕಾಯಬೇಕಾಯ್ತು.

ಸಮುದ್ರದ ಅಡಿಯಲ್ಲಿ

ಲಿಂಕ್ 1954ರಲ್ಲಿ ಕಂಪನಿ ಮಾರಿ ಸಮುದ್ರಕ್ಕಿಳಿದ. ಮನುಷ್ಯರು ಆಳದಲ್ಲಿ ಉಳಿದು ಕೆಲಸ ಮಾಡುವ ಸಾಧನಗಳನ್ನು ಕಟ್ಟಿದ. 1973ರ ಜೂನ್‌ನಲ್ಲಿ ಅವನು ರೂಪಿಸಿದ ಪುಟ್ಟ ಜಲಾಂತರ್ಗಾಮಿಯೊಂದು ಫ್ಲಾರಿಡಾ ಬಳಿ ಮುಳುಗಿದ್ದ ಹಡಗಿನ ಅವಶೇಷಕ್ಕೆ ಸಿಕ್ಕಿಕೊಂಡಿತು. ಮೇಲೆತ್ತಲು ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಹಿಂದಿನ ಕೋಣೆಯಲ್ಲಿದ್ದ ಇಬ್ಬರು ಇಂಗಾಲದ ಡೈಆಕ್ಸೈಡ್ ಹೆಚ್ಚಿ ಸತ್ತರು. ಅವರಲ್ಲೊಬ್ಬ ಲಿಂಕ್‌ನ ಮಗ ಕ್ಲೇಟನ್.

ಇಡೀ ಬದುಕನ್ನು ತಪ್ಪು ಯಾರನ್ನೂ ಕೊಲ್ಲದಿರಲಿ ಅಂತ ಸವೆಸಿದವನ ಮನೆಯಲ್ಲೇ ಸಾವು. ಎಪ್ಪತ್ತರ ಹತ್ತಿರದ ಮುದುಕ ಮತ್ತೆ ಕೆಲಸಕ್ಕೆ ಕೂತ. ಹಾಗೆ ಸಿಕ್ಕಿಕೊಂಡವರನ್ನು ಬಿಡಿಸಲು, ಒಳಗೆ ಮನುಷ್ಯರಿಲ್ಲದೆ ಮೇಲಿನಿಂದಲೇ ನಡೆಸುವ ಯಂತ್ರವೊಂದನ್ನು ರೂಪಿಸಿದ. 1981ರಲ್ಲಿ ಬಿಂಗ್‌ಹ್ಯಾಮ್‌ಟನ್‌ನಲ್ಲಿ ತೀರಿಕೊಂಡ.

ಉಳಿದ ಪ್ರಶ್ನೆ

ಇವತ್ತು ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದಕ್ಕೆ ಹತ್ತಾರು ಲಕ್ಷ ರೂಪಾಯಿ ಬೇಕು. ಆಮೇಲೆ ನಿರ್ದಿಷ್ಟ ವಿಮಾನದ ತರಬೇತಿಗೆ ಮತ್ತಷ್ಟು ಲಕ್ಷ. ಅದರ ಮೇಲೆ ಆಯ್ಕೆಯ ತಯಾರಿಗೆ ಸಿಮ್ಯುಲೇಟರ್ ಬಾಡಿಗೆ. ಹೊಲ ಮಾರಿ ಸಾಲ ಮಾಡಿದ ಮನೆಯ ಹುಡುಗಿಯೂ, ಅಪ್ಪನ ಚೆಕ್ಕಿನಲ್ಲಿ ಇಪ್ಪತ್ತು ಗಂಟೆ ಅಭ್ಯಾಸ ಮಾಡಿ ಬಂದ ಹುಡುಗನೂ ಒಂದೇ ಪರೀಕ್ಷಕರ ಮುಂದೆ ಕೂರ್ತಾರೆ. ಆ ಹೊತ್ತಲ್ಲಿ ಕಾಣೋದಕ್ಕೆ ಪ್ರತಿಭೆ ಅಂತ ಹೆಸರಿಡ್ತೀವಿ.

ಪರೀಕ್ಷೆ ಸಡಿಲ ಆಗಬಾರದು, ಹಿಂದೆ ಕೂತಿರೋ ನೂರೆಂಬತ್ತು ಜನರ ಜೀವದ ಪ್ರಶ್ನೆ ಅದು. ಸಡಿಲ ಆಗಬೇಕಾದ್ದು ತಯಾರಿಯ ಬೆಲೆ. ಸರ್ಕಾರಿ ಹಾರಾಟ ಶಾಲೆಗಳಲ್ಲಿ, ವಿದ್ಯಾರ್ಥಿವೇತನದಲ್ಲಿ, ಸಿಮ್ಯುಲೇಟರ್ ಗಂಟೆಗಳೂ ಯಾಕೆ ಸೇರಬಾರದು? ಲಿಂಕ್ ತನ್ನ ಯಂತ್ರ ಕಟ್ಟಿದ್ದು ಕೈಗೆಟುಕುವ ಬೆಲೆಯಲ್ಲಿ ತಪ್ಪು ಮಾಡಿ ಕಲಿಯಲಿಕ್ಕೆ. ತಪ್ಪು ಮಾಡುವ ಅವಕಾಶ ಯಾರಿಗೆ ಸಿಗುತ್ತೆ ಅನ್ನೋದನ್ನು ತೀರ್ಮಾನಿಸೋದು ಯಂತ್ರವಲ್ಲ, ಬಜೆಟ್.