ತೈಲದ ಹಣಕ್ಕೆ ಲೆಕ್ಕ ಕೇಳುವ ಹಕ್ಕು ಕೊಟ್ಟ ದೊರೆ: ಶೇಖ್ ಅಬ್ದುಲ್ಲಾ ಅಲ್ ಸಾಲಿಂ



ಪ್ರತಿ ವರ್ಷ ಫೆಬ್ರವರಿ 25 ಬಂತೆಂದರೆ ಗಲ್ಫ್ ರಸ್ತೆಯ ಉದ್ದಕ್ಕೂ ಬಾವುಟಗಳು, ದೀಪಾಲಂಕಾರ, ಕಾರುಗಳ ಸಾಲು. ನಮ್ಮ ಮಕ್ಕಳೂ ಮುಖಕ್ಕೆ ಕುವೈತ್ ಬಾವುಟದ ಬಣ್ಣ ಬಳಿದುಕೊಂಡು ಸಂಭ್ರಮಿಸುತ್ತಾರೆ. ಒಮ್ಮೆ ನಮ್ಮ ಮನೆಯಲ್ಲೇ ಒಂದು ಪ್ರಶ್ನೆ ಎದ್ದಿತು. ಕುವೈತ್ ಸ್ವತಂತ್ರವಾದದ್ದು 1961ರ ಜೂನ್ 19ರಂದು. ಹಾಗಿದ್ದ ಮೇಲೆ ಹಬ್ಬ ಫೆಬ್ರವರಿಯಲ್ಲಿ ಯಾಕೆ? ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವ ನಮಗೆ ಈ ಸಣ್ಣ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ! ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಬ್ಬ ವ್ಯಕ್ತಿಯ ಬದುಕು. 1950ರ ಫೆಬ್ರವರಿ 25ರಂದು ಪಟ್ಟಕ್ಕೆ ಬಂದವರು ಶೇಖ್ ಅಬ್ದುಲ್ಲಾ ಅಲ್ ಸಾಲಿಂ ಅಲ್ ಸಬಾಹ್. ಅವರ ಗೌರವಾರ್ಥವಾಗಿಯೇ ರಾಷ್ಟ್ರೀಯ ದಿನವನ್ನು ಆ ದಿನಕ್ಕೆ ಬದಲಾಯಿಸಲಾಯಿತು. ಜೂನ್ ತಿಂಗಳ ಬಿಸಿಲಿನಿಂದಲೂ ಎಲ್ಲರಿಗೂ ಬಿಡುಗಡೆ ಸಿಕ್ಕಿತು ಅನ್ನಿ.

ನಮ್ಮಲ್ಲಿ ಅನೇಕರು ಮಕ್ಕಳನ್ನು ಕರೆದುಕೊಂಡು ಹೋಗುವ ಅಬ್ದುಲ್ಲಾ ಅಲ್ ಸಾಲಿಂ ಸಾಂಸ್ಕೃತಿಕ ಕೇಂದ್ರ ಇವರ ಹೆಸರಿನದೇ. ಅಲ್ಲಿನ ಡೈನೋಸಾರ್ ನೋಡಿ ಬಂದವರಿಗೆ ಹೆಸರಿನ ಹಿಂದಿನ ಮನುಷ್ಯ ಯಾರೆಂದು ತಿಳಿದರೆ ಒಳ್ಳೆಯದಲ್ಲವೇ?

ಅಬ್ದುಲ್ಲಾ ಅವರು ಹುಟ್ಟಿದ್ದು 1895ರಲ್ಲಿ. ಅಜ್ಜ ಮುಬಾರಕ್, ತಂದೆ ಸಾಲಿಂ, ಇಬ್ಬರೂ ಕುವೈತನ್ನು ಆಳಿದವರು. ಆಗಿನ ಕುವೈತ್ ಎಂದರೆ ಮಣ್ಣಿನ ಮನೆಗಳ ಒಂದು ಬಂದರು ಊರು. ಮುತ್ತು ತೆಗೆಯುವುದು, ಹಡಗು ಕಟ್ಟುವುದು, ವ್ಯಾಪಾರ ಇವೇ ಜೀವನ. ಇಲ್ಲಿನ ಮರದ ಹಡಗುಗಳು ಬಸ್ರಾದ ಖರ್ಜೂರ ಹೊತ್ತು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು, ಹಿಂದಿರುಗುವಾಗ ಮಲಬಾರಿನ ಮರ ಒಯ್ಯುತ್ತಿದ್ದವು. ಕುಡಿಯುವ ನೀರು ಕೂಡ ಷತ್ ಅಲ್ ಅರಬ್ ನದಿಯಿಂದ ಹಡಗಿನಲ್ಲಿ ಬರಬೇಕಿತ್ತು. ಇನ್ನೊಂದು ಸ್ವಾರಸ್ಯ ಕೇಳಿ: 1961ರಲ್ಲಿ ಕುವೈತಿ ದಿನಾರ್ ಬರುವವರೆಗೂ ಇಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ! ಇಂದು ದಿನಾರ್ ದರ ನೋಡಿ ಊರಿಗೆ ಹಣ ಕಳಿಸುವ ನಮಗೆ ಇದು ನಂಬಲು ಕಷ್ಟ.

1921ರಲ್ಲಿ ತಂದೆ ತೀರಿಕೊಂಡಾಗ ಪಟ್ಟ ಅಬ್ದುಲ್ಲಾ ಅವರಿಗೆ ಸಿಗಲಿಲ್ಲ. ದಾಯಾದಿ ಶೇಖ್ ಅಹ್ಮದ್ ಅಲ್ ಜಾಬಿರ್ ದೊರೆಯಾದರು. ಅಬ್ದುಲ್ಲಾ ಅವರು ಸುಮಾರು 29 ವರ್ಷ ಎರಡನೆಯ ಸಾಲಿನಲ್ಲೇ ಕೂತರು. ಆಡಳಿತದ ಒಳಗಿದ್ದೂ ಸಿಂಹಾಸನದ ಮೇಲಿಲ್ಲದ ಈ ಕಾಲವೇ ಅವರನ್ನು ರೂಪಿಸಿತು ಎಂದು ನಮಗೆ ಅನಿಸುತ್ತದೆ.

ಈ ನಡುವೆ ಹೊರಗಿನವರ ಕಣ್ಣು ಕುವೈತಿನ ಮರಳಿನ ಮೇಲೆ ಬಿತ್ತು. ಬ್ರಿಟಿಷರ ಆಂಗ್ಲೋ ಪರ್ಷಿಯನ್ ಕಂಪನಿ ಒಂದು ಕಡೆ, ಅಮೆರಿಕದ ಗಲ್ಫ್ ಆಯಿಲ್ ಇನ್ನೊಂದು ಕಡೆ. ಗಲ್ಫ್ ಆಯಿಲ್ ಮೇಲೆ ಹಿಡಿತವಿದ್ದದ್ದು ಪಿಟ್ಸ್‌ಬರ್ಗಿನ ಮೆಲ್ಲನ್ ಕುಟುಂಬಕ್ಕೆ. ಆ ಮನೆತನದ ಆಂಡ್ರ್ಯೂ ಮೆಲ್ಲನ್ 1921ರಿಂದ 1932ರವರೆಗೆ ಮೂವರು ರಿಪಬ್ಲಿಕನ್ ಅಧ್ಯಕ್ಷರ ಕೆಳಗೆ ಅಮೆರಿಕದ ಖಜಾನೆ ಮಂತ್ರಿ. ಮಂತ್ರಿ ಕುರ್ಚಿಯಲ್ಲಿದ್ದೂ ವ್ಯಾಪಾರದ ಹಿತ ಇಟ್ಟುಕೊಂಡಿದ್ದಾರೆ ಎಂದು 1932ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನಲ್ಲಿ ಮಹಾಭಿಯೋಗದ ಮಾತು ಎದ್ದಿತು. ಅದು ಮುಗಿಯುವ ಮೊದಲೇ ಅಧ್ಯಕ್ಷ ಹೂವರ್ ಅವರನ್ನು ಲಂಡನ್ನಿಗೆ ರಾಯಭಾರಿಯಾಗಿ ಕಳಿಸಿಬಿಟ್ಟರು! ಗಲ್ಫ್ ಆಯಿಲ್‌ಗೆ ಕುವೈತಿನಲ್ಲಿ ಪಾಲು ಬೇಕೆಂದು ಅಮೆರಿಕ ಬ್ರಿಟಿಷರನ್ನು ಒತ್ತಾಯಿಸುತ್ತಿದ್ದ ಹೊತ್ತಿಗೆ ಮೆಲ್ಲನ್ ಅದೇ ಊರಿನಲ್ಲಿ ರಾಯಭಾರಿ. ಕೊನೆಗೆ ಎರಡೂ ಕಂಪನಿಗಳು ಅರ್ಧರ್ಧ ಸೇರಿ ಕುವೈತ್ ಆಯಿಲ್ ಕಂಪನಿ ಮಾಡಿಕೊಂಡವು. 1934ರ ಡಿಸೆಂಬರ್ 23ರಂದು 75 ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು. ಸಹಿಯ ದಿನ ದೊರೆಗೆ ಸಿಕ್ಕಿದ್ದು 4.75 ಲಕ್ಷ ರೂಪಾಯಿ.

ಹಣ ಬಂದದ್ದು ದೊರೆಗೆ. ಊರಿಗೆ ಎಷ್ಟು ಎನ್ನುವುದನ್ನು ಕೇಳುವವರು ಯಾರು? ಈ ಪ್ರಶ್ನೆಯೇ 1938ರಲ್ಲಿ ದೊಡ್ಡದಾಯಿತು. ಆ ವರ್ಷ ಫೆಬ್ರವರಿಯಲ್ಲಿ ಬುರ್ಗಾನ್‌ನಲ್ಲಿ ತೈಲ ಚಿಮ್ಮಿತು. ಜೂನ್ ಹೊತ್ತಿಗೆ ವ್ಯಾಪಾರಿ ಮನೆತನಗಳು ಒತ್ತಾಯಿಸಿ 14 ಮಂದಿಯ ಶಾಸನ ಸಭೆಯನ್ನು ಆರಿಸಿದವು. ಅದಕ್ಕೆ ಅಧ್ಯಕ್ಷರಾದವರು ಆಳುವ ಮನೆತನದವರೇ ಆದ ಶೇಖ್ ಅಬ್ದುಲ್ಲಾ. ಕೆಲವೇ ತಿಂಗಳಲ್ಲಿ ಸಭೆ ಹಳೆಯ ಸುಂಕಗಳನ್ನು ಕಿತ್ತು ಹಾಕಿತು, ಶಾಲೆಗಳ ಕಡೆ ಗಮನ ಕೊಟ್ಟಿತು. ತೈಲ ಕಂಪನಿಯ ಚೆಕ್ ಸಭೆಯ ಕೈಗೆ ಬರಬೇಕು ಎಂದಾಗ ಮಾತ್ರ ಗಂಟು ಬಿಗಿಯಿತು. ಡಿಸೆಂಬರಿನಲ್ಲಿ ಸಭೆ ವಿಸರ್ಜನೆಯಾಯಿತು. ಅದರ ನಂತರ ಬಂದ ಇನ್ನೊಂದು ಸಭೆಯೂ 1939ರ ಮಾರ್ಚಿನಲ್ಲಿ ಮುಗಿಯಿತು. ಗಲಭೆಯಲ್ಲಿ ಪ್ರಾಣಗಳು ಹೋದವು, ಕೆಲವರು ಸೆರೆಮನೆ ಸೇರಿದರು, ಕೆಲವರು ದೇಶ ಬಿಟ್ಟರು. ಲೆಕ್ಕ ಕೇಳಿದ್ದಕ್ಕೆ ಎಂಥ ಬೆಲೆ ತೆರಬೇಕಾಯಿತು ಎಂಬುದನ್ನು ಅಬ್ದುಲ್ಲಾ ಅವರು ಅಧ್ಯಕ್ಷರ ಕುರ್ಚಿಯಿಂದಲೇ ಕಂಡರು.

1946ರ ಜೂನ್ 30ರಂದು ಮೊದಲ ತೈಲ ಹಡಗು ಹೊರಟಿತು. 1950ರಲ್ಲಿ ಶೇಖ್ ಅಹ್ಮದ್ ತೀರಿಕೊಂಡರು. 55ರ ಹರೆಯದ ಅಬ್ದುಲ್ಲಾ ಅವರು ದೊರೆಯಾದರು. ಮರು ವರ್ಷ ಇರಾನಿನಲ್ಲಿ ತೈಲ ರಾಷ್ಟ್ರೀಕರಣದ ಜಗಳ ಎದ್ದು ಅಬಾದಾನ್ ಮುಚ್ಚಿದಾಗ ಕಂಪನಿಗಳು ಕುವೈತಿನ ಬಾವಿಗಳತ್ತ ತಿರುಗಿದವು. ಸಮಯ ನೋಡಿ ಅಬ್ದುಲ್ಲಾ ಅವರು ಟನ್ನಿಗೆ ಇಷ್ಟು ರೂಪಾಯಿ ಎಂಬ ಹಳೆಯ ಲೆಕ್ಕ ಬಿಡಿಸಿ, ಲಾಭದಲ್ಲಿ ಅರ್ಧ ಪಾಲು ಎಂಬ ಹೊಸ ಒಪ್ಪಂದ ಮಾಡಿಕೊಂಡರು. ಒಂದೆರಡು ವರ್ಷದಲ್ಲೇ ದೇಶದ ಆದಾಯ ಹಲವು ಪಟ್ಟು ಏರಿತು.

ಆ ಹಣ ಎಲ್ಲಿಗೆ ಹೋಯಿತು? 1953ರಲ್ಲಿ ಲಂಡನ್ನಿನಲ್ಲಿ ಕುವೈತ್ ಹೂಡಿಕೆ ಮಂಡಳಿ ಶುರುವಾಯಿತು. ತೈಲ ಎಂದಾದರೂ ಒಂದು ದಿನ ಮುಗಿಯುತ್ತದೆ, ಇಂದೇ ಕೂಡಿಡಬೇಕು ಎಂಬುದು ಅದರ ಉದ್ದೇಶ. ಜಗತ್ತಿನ ಮೊದಲ ಸಾರ್ವಭೌಮ ನಿಧಿ ಎಂದು ಅದನ್ನು ಕರೆಯುತ್ತಾರೆ. ಅದೇ ವರ್ಷ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಶುರುವಾಗಿ ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ನೀರು ಕೊಟ್ಟಿತು. ಶಾಲೆ, ಆಸ್ಪತ್ರೆ, ರಸ್ತೆ, ವಿದ್ಯುತ್ ಬಂದವು. 1960ರಲ್ಲಿ ಬಾಗ್ದಾದಿನಲ್ಲಿ ಒಪೆಕ್ ಹುಟ್ಟಿದಾಗ ಕುವೈತ್ ಐದು ಸ್ಥಾಪಕ ದೇಶಗಳಲ್ಲಿ ಒಂದು.

ಎಲ್ಲವೂ ಸರಿಯಿತ್ತು ಎಂದಲ್ಲ. ಹಳೆಯ ಊರಿನ ಜಮೀನನ್ನು ಸರ್ಕಾರ ಭಾರೀ ಬೆಲೆಗೆ ಕೊಂಡಾಗ ಹೆಚ್ಚು ಲಾಭ ಮಾಡಿಕೊಂಡವರು ಮೊದಲೇ ಜಮೀನು ಇದ್ದವರು. 1957ರಲ್ಲಿ ಊರಿನ ಹಳೆಯ ಕೋಟೆ ಗೋಡೆಯನ್ನು ಕೆಡವಲಾಯಿತು. ಇಂದು ಉಳಿದಿರುವುದು ಬಾಗಿಲುಗಳು ಮಾತ್ರ.

1961ರ ಜೂನ್ 19ರಂದು ಬ್ರಿಟಿಷರ ರಕ್ಷಣೆಯ ಒಪ್ಪಂದ ಕೊನೆಗೊಂಡಿತು. ಒಂದು ವಾರವೂ ಕಳೆದಿರಲಿಲ್ಲ, ಇರಾಕಿನ ಖಾಸಿಂ ಕುವೈತ್ ತಮ್ಮದೆಂದು ಘೋಷಿಸಿದರು. ಬ್ರಿಟಿಷ್ ಪಡೆ ಬಂತು, ನಂತರ ಅರಬ್ ಲೀಗಿನ ಪಡೆ ಬಂತು. ಇಂಥ ಹೊತ್ತಿನಲ್ಲಿ ಯಾವ ದೊರೆಯಾದರೂ ಅಧಿಕಾರವನ್ನು ಮುಷ್ಟಿಯಲ್ಲಿ ಬಿಗಿ ಹಿಡಿಯುತ್ತಾನೆ. ಅಬ್ದುಲ್ಲಾ ಅವರು ಮಾಡಿದ್ದು ಅದಕ್ಕೆ ತದ್ವಿರುದ್ಧ. ಆ ವರ್ಷ ಮುಗಿಯುವುದರೊಳಗೆ ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆಸಿದರು. ಕರಡು ಸಮಿತಿಯಲ್ಲಿ ಅವರ ಹಿರಿಯ ಮಗ ಶೇಖ್ ಸಾದ್ ಅವರೂ ಇದ್ದರು. ಆಳುವ ಮನೆತನದ ಅಧಿಕಾರ ಕಡಿಮೆಯಾಗಬಾರದು ಎಂಬ ವಾದ ಅಲ್ಲಿ ಬಂದಾಗ ದೊರೆ ಸಭೆಯ ಪರ ನಿಂತರು ಎಂದು ಇಲ್ಲಿನವರು ಇಂದಿಗೂ ನೆನೆಯುತ್ತಾರೆ. 1962ರ ನವೆಂಬರ್ 11ರಂದು ಅವರು ಸಂವಿಧಾನಕ್ಕೆ ಸಹಿ ಹಾಕಿದರು.

ಅದರಲ್ಲಿ ಏನಿದೆ? 21ನೆಯ ವಿಧಿಯ ಪ್ರಕಾರ ನೆಲದೊಳಗಿನ ಸಂಪತ್ತು ರಾಷ್ಟ್ರದ್ದು, ದೊರೆಯದ್ದಲ್ಲ. 152ನೆಯ ವಿಧಿಯ ಪ್ರಕಾರ ಕಾನೂನು ಮಾಡದೆ ಅದನ್ನು ಯಾವ ಕಂಪನಿಗೂ ಕೊಡುವಂತಿಲ್ಲ. 100ನೆಯ ವಿಧಿ ಯಾವ ಸದಸ್ಯನಿಗಾದರೂ ಮಂತ್ರಿಯನ್ನು ಸಭೆಗೆ ಕರೆಸಿ ಪ್ರಶ್ನಿಸುವ ಹಕ್ಕು ಕೊಟ್ಟಿತು. 131ನೆಯ ವಿಧಿ ಮಂತ್ರಿಯಾದವರು ವ್ಯಾಪಾರ ಮಾಡುವಂತಿಲ್ಲ ಎಂದಿತು. ಮೆಲ್ಲನ್ ಕಥೆ ಓದಿದವರಿಗೆ ಈ ಸಾಲಿನ ಬೆಲೆ ಗೊತ್ತಾಗುತ್ತದೆ! 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ನಮಗೆಲ್ಲ ಹೆಮ್ಮೆ. ಆದರೆ ಅಲ್ಲಿ ಪ್ರತಿನಿಧಿಗಳು ಅಹವಾಲು ಹೇಳಬಹುದಿತ್ತೇ ಹೊರತು ದಿವಾನರನ್ನು ಇಳಿಸುವಂತಿರಲಿಲ್ಲ. ಇಲ್ಲಿ ಅವಿಶ್ವಾಸದ ಮತದಿಂದ ಮಂತ್ರಿಯನ್ನು ಮನೆಗೆ ಕಳಿಸಬಹುದಿತ್ತು. ಹೆಂಗಸರಿಗೆ ಮಾತ್ರ ಮತದಾನದ ಹಕ್ಕಿಗಾಗಿ 2005ರವರೆಗೆ ಕಾಯಬೇಕಾಯಿತು.

1963ರ ಜನವರಿಯಲ್ಲಿ 50 ಸ್ಥಾನಗಳ ಮೊದಲ ಸಭೆ ಆರಿಸಿ ಬಂತು. ಬರೆದದ್ದಕ್ಕೆ ಪರೀಕ್ಷೆಯೂ ಬೇಗ ಬಂತು. 1964ರ ಕೊನೆಯಲ್ಲಿ ಹೊಸ ಮಂತ್ರಿಮಂಡಲದಲ್ಲಿ ವ್ಯಾಪಾರಸ್ಥರಿದ್ದರು. ಇದು 131ನೆಯ ವಿಧಿಗೆ ವಿರುದ್ಧ ಎಂದು ಸದಸ್ಯರು ಎದ್ದು ಹೊರನಡೆದರು. ಸಭೆ ನಡೆಯಲು ಬೇಕಾದಷ್ಟು ಜನರಿಲ್ಲದೆ ಮಂತ್ರಿಗಳ ಪ್ರಮಾಣವಚನವೇ ನಡೆಯಲಿಲ್ಲ. 1938ರಲ್ಲಿ ಇಂಥದ್ದೇ ಬಿಕ್ಕಟ್ಟಿನಲ್ಲಿ ಸಭೆ ಹೋಗಿತ್ತು. ಈ ಸಲ ಉಳಿದದ್ದು ಸಭೆ, ಬದಲಾದದ್ದು ಮಂತ್ರಿಮಂಡಲ. ಲೆಕ್ಕ ತಪಾಸಣೆಯ ಸ್ವತಂತ್ರ ಕಚೇರಿಗೂ ಅದೇ 1964ರಲ್ಲಿ ಕಾನೂನು ಬಂತು. 1965ರ ನವೆಂಬರ್ 24ರಂದು ಅಬ್ದುಲ್ಲಾ ಅವರು ತೀರಿಕೊಂಡರು.

ಅವರ ನಂತರದ ಹಾದಿ ನೇರವಾಗಿರಲಿಲ್ಲ. 1976ರಲ್ಲಿ ಮತ್ತು 1986ರಲ್ಲಿ ಸಭೆ ವರ್ಷಗಟ್ಟಲೆ ಮುಚ್ಚಿತು. ಎರಡನೆಯ ಸಲ ಅದು ಮುಚ್ಚಿದ್ದ ಕಾಲದಲ್ಲೇ ಸರ್ಕಾರಿ ತೈಲ ಹಡಗು ಕಂಪನಿಯ ಹಣ ಒಳಗಿನವರ ಖಾತೆಗೆ ಹರಿದ ಹಗರಣ ಬೆಳೆದದ್ದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಸಭೆ ಮರಳಿ ಬಂದ ಮೇಲೆ, 1993ರಲ್ಲಿ, ಸಾರ್ವಜನಿಕ ಹಣದ ರಕ್ಷಣೆಯ ಕಾನೂನು ಬಂತು. 1998ರಲ್ಲಿ ಲಂಡನ್ ಹೈಕೋರ್ಟು ಕೋಟ್ಯಂತರ ಡಾಲರ್ ಹಿಂತಿರುಗಿಸುವಂತೆ ತೀರ್ಪು ಕೊಟ್ಟಿತು. ಇನ್ನೊಂದು ಮುಖವೂ ಇದೆ. 2008ರಲ್ಲಿ ಸಭೆಯ ಒತ್ತಡಕ್ಕೆ ಸರ್ಕಾರ ಅಮೆರಿಕದ ಡೌ ಕಂಪನಿಯೊಂದಿಗಿನ ಒಪ್ಪಂದವನ್ನು ಕೈಬಿಟ್ಟಿತು. ಅದಕ್ಕೆ 2013ರಲ್ಲಿ ಸುಮಾರು 220 ಕೋಟಿ ಡಾಲರ್ ಪರಿಹಾರ ತೆರಬೇಕಾಯಿತು. ಲೆಕ್ಕ ಕೇಳುವುದಕ್ಕೂ ಖರ್ಚಿದೆ, ಕೇಳದಿರುವುದಕ್ಕೂ ಖರ್ಚಿದೆ.

2006ರ ಜನವರಿಯಲ್ಲಿ ಅಮೀರರಾದ ಶೇಖ್ ಸಾದ್ ಅವರಿಗೆ ಆರೋಗ್ಯ ತೀರಾ ಕೆಟ್ಟಿತ್ತು. ತಂದೆ ಕಟ್ಟಿದ ಸಭೆಯೇ, ತಂದೆಯ ಕಾಲದ ಕಾನೂನಿನ ಪ್ರಕಾರವೇ, ಕೆಲವೇ ದಿನಗಳಲ್ಲಿ ಮತ ಹಾಕಿ ಅವರನ್ನು ಗೌರವದಿಂದ ಬಿಡುಗಡೆ ಮಾಡಿತು. ತಾನು ಬರೆದ ನಿಯಮ ತನ್ನ ಮಗನಿಗೂ ಅನ್ವಯಿಸಬೇಕು ಎನ್ನುವ ದೊರೆಗಳು ಎಷ್ಟು ಜನ? 2024ರ ಮೇ 10ರಂದು ಸಭೆಯನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದಂತೆ ತಡೆಹಿಡಿಯಲಾಯಿತು. ಅದು ಈ ನಾಡಿನವರು ತೀರ್ಮಾನಿಸಿಕೊಳ್ಳಬೇಕಾದ ವಿಷಯ. ನಾವು ಅತಿಥಿಗಳು.

ಆದರೆ ಅತಿಥಿಗಳೂ ಕಲಿಯಬಹುದು. ನಮ್ಮ ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿಯವರು ಲೆಕ್ಕಪತ್ರ ಓದುವಾಗ ನಮ್ಮೆಲ್ಲರ ಗಮನ ಊಟದ ಕಡೆ ಇರುತ್ತದೆ, ಸುಳ್ಳೇ? ಮುಂದಿನ ಸಲ ಬಿಸಿಬೇಳೆ ಬಾತಿನ ಪರಿಮಳ ಬಂದರೂ ಐದು ನಿಮಿಷ ಕೂತು ಕೇಳೋಣ, ಒಂದು ಪ್ರಶ್ನೆಯನ್ನಾದರೂ ಕೇಳೋಣ. ಖಜಾಂಚಿಯವರು ಬೇಸರಿಸುವುದಿಲ್ಲ ಎಂದು ನಂಬಿದ್ದೇವೆ. ಬರುವ ಫೆಬ್ರವರಿ 25ರಂದು ಮಕ್ಕಳು ಇದು ಯಾರ ದಿನ ಎಂದು ಕೇಳಿದರೆ, ಈ ಹೆಸರನ್ನು ಅವರಿಗೆ ಹೇಳೋಣ.