ಲೇಬಲ್‌ನಲ್ಲಿ ಸತ್ಯ ಬರೆಸಿದ ಅಧಿಕಾರಿ: ಹಾರ್ವೆ ವೈಲಿ ಯಾರು?

ಔಷಧಿಯಲ್ಲಿ ಏನಿದೆ ಎಂದು ತಿಳಿಯಲು ನಾವು ಲೇಬಲ್ ನೋಡುತ್ತೇವೆ. 1906ಕ್ಕೂ ಮುಂಚೆ ಅಮೆರಿಕದಲ್ಲಿ ಮಕ್ಕಳ ಸಿರಪ್‌ಗೆ ಮಾರ್ಫಿನ್ ಬೆರೆಸಿದ್ದರೂ ಅದನ್ನು ಲೇಬಲ್‌ನಲ್ಲಿ ಹೇಳಬೇಕೆಂಬ ರಾಷ್ಟ್ರೀಯ ಕಾನೂನು ಇರಲಿಲ್ಲ. ಆ ಕಾನೂನಿಗಾಗಿ ಹೋರಾಡಿದ ಸರ್ಕಾರಿ ಅಧಿಕಾರಿ ಹಾರ್ವೆ ವೈಲಿ.

1844ರಲ್ಲಿ ಇಂಡಿಯಾನಾದ ರೈತ ಕುಟುಂಬದಲ್ಲಿ ಹುಟ್ಟಿದ ವೈಲಿ, ವೈದ್ಯಕೀಯ ಓದಿದರೂ ರಸಾಯನಶಾಸ್ತ್ರ ಆರಿಸಿಕೊಂಡರು. 1880ರ ದಶಕದಲ್ಲಿ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾದರು. 1902ರಲ್ಲಿ 12 ಯುವ ಸ್ವಯಂಸೇವಕರಿಗೆ ಊಟದ ಜೊತೆ ಬೋರಾಕ್ಸ್ ಕೊಟ್ಟು ಪರೀಕ್ಷೆ ಶುರು ಮಾಡಿದರು. ಮುಂದೆ ಫಾರ್ಮಾಲ್ಡಿಹೈಡ್ ಕೂಡ ಕೊಟ್ಟರು. ಆಗ ಇವನ್ನು ಆಹಾರ ಕೆಡದಂತೆ ಬೆರೆಸುತ್ತಿದ್ದರು. ಹಲವರು ಕಾಯಿಲೆ ಬಿದ್ದರು. ಸುದ್ದಿ ದೇಶವಿಡೀ ಹಬ್ಬಿತು.

1906ರ ಜೂನ್ 30ರಂದು ಆಹಾರ ಮತ್ತು ಔಷಧ ಕಾನೂನು ಬಂತು. ಔಷಧಿಯಲ್ಲಿ ಮದ್ಯ, ಅಫೀಮು, ಕೊಕೇನ್ ಇದ್ದರೆ ಲೇಬಲ್‌ನಲ್ಲಿ ಬರೆಯಲೇಬೇಕಾಯಿತು.

ಆದರೂ ಒಂದು ಲೋಪ ಉಳಿಯಿತು. ಔಷಧಿಯ ಒಳಗೇನಿದೆ ಎಂಬ ಸುಳ್ಳಿಗೆ ಮಾತ್ರ ಈ ಕಾನೂನು ಅನ್ವಯ, ಕ್ಯಾನ್ಸರ್ ವಾಸಿಯಾಗುತ್ತದೆ ಎಂಬ ಸುಳ್ಳಿಗೆ ಅಲ್ಲ ಎಂದು 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1912ರಲ್ಲಿ ತಿದ್ದುಪಡಿಯಾಯಿತು. ಆದರೆ ಮೋಸದ ಉದ್ದೇಶವನ್ನು ಸರ್ಕಾರವೇ ಸಾಬೀತು ಮಾಡಬೇಕಿತ್ತು. ಮೇಲಧಿಕಾರಿಗಳ ಜೊತೆಗಿನ ತಿಕ್ಕಾಟದಿಂದ ಬೇಸತ್ತ ವೈಲಿ ಅದೇ ವರ್ಷ ರಾಜೀನಾಮೆ ಕೊಟ್ಟರು. ನಂತರ ಒಂದು ಪತ್ರಿಕೆಯ ಪ್ರಯೋಗಾಲಯ ಸೇರಿ ಗ್ರಾಹಕರ ಪರ ಕೆಲಸ ಮುಂದುವರಿಸಿದರು. 1930ರಲ್ಲಿ ತೀರಿಕೊಂಡರು.

ನಮ್ಮ ದೇಶದಲ್ಲಿ ಕ್ಯಾನ್ಸರ್, ಮಧುಮೇಹ ವಾಸಿ ಮಾಡುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾನೂನು ನಿಷೇಧಿಸಿದೆ. ಅಂಥ ಫಾರ್ವರ್ಡ್ ಬಂದರೆ ನಾವು ಅದನ್ನು ಮುಂದೆ ಕಳಿಸದಿರೋಣ.